ಕೈ ತೆಗೀರಿ, ಕರೆಂಟು ಬಂತು

ನಮ್ಮೂರಿಗೆ ಕರೆಂಟು ನಡೆದುಕೊಂಡು ಬರುತ್ತದೆ. ದಿನವೂ ಹೊತ್ತು ಮುಳುಗುವಾಗ ಕೆರೆಯ ಕೆಳಗಿನ ಪವರ್‌ಹೌಸಿನಿಂದ ಹೊರಟು, ಊರಿಗಿರುವ ಒಂದೇ ಒಂದು ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ದಾಟಿ, ದಾರಿಯಲ್ಲಿ ಸಿಕ್ಕ ಮನೆಗಳನ್ನೆಲ್ಲ ಹೊಕ್ಕು, ಕೊನೆಗೆ ನಮ್ಮ ಮನೆಗೆ ಬಂದು ನಿಲ್ಲುತ್ತದೆ. ನಮ್ಮದೇ ಕೊನೆಯ ಮನೆ. ಅಲ್ಲಿಂದಾಚೆಗೆ ಕಂಬವೂ ಇಲ್ಲ, ತಂತಿಯೂ ಇಲ್ಲ, ಬರೀ ಹುರುಳಿ ಹೊಲ. ಬೆಳಗಾಗುತ್ತಲೇ ಅದು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಹಗಲೆಲ್ಲ ತಂತಿ ಖಾಲಿ.

ಅದರ ಮುಂದೆ ಮುಂದೆ ಗಂಟೆ ಬಾರಿಸುತ್ತ ನಡೆಯುವುದು ನನ್ನ ಕೆಲಸ. ಮೊದಲು ನಮ್ಮತ್ತೆ ನಡೆಯುತ್ತಿದ್ದರು. ಅವರ ಕಾಲು ಸೋತ ಮೇಲೆ ಗಂಟೆಯನ್ನು ಸೆರಗಿನಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಕೊಡುವಾಗ ಕಣ್ಣೀರು ಹಾಕಿದರು, ನಾನು ಹೇಗೂ ಕೆಡಿಸುತ್ತೇನೆ ಎಂದು. ನಾನು ಕೆಡಿಸಲಿಲ್ಲ. ಗಂಟಲು ನನ್ನದು ಅವರಿಗಿಂತ ದೊಡ್ಡದು, ಇದನ್ನು ಊರೇ ಒಪ್ಪುತ್ತದೆ. ಪವರ್‌ಹೌಸಿನ ಕಾಳಸ್ವಾಮಿ ತೂಬು ಎತ್ತಿ, ನೀರು ಚಕ್ರದ ಮೇಲೆ ಬಿದ್ದು, ಚಕ್ರ ತಿರುಗತೊಡಗಿದ್ದೇ ತಡ, ನಾನು ಹೊರಟುಬಿಡುತ್ತೇನೆ. "ಕೈ ತೆಗೀರೀ... ಕರೆಂಟು ಬಂತೂ..." ಎಂದು ಕೂಗಿ ಗಂಟೆ ಅಲ್ಲಾಡಿಸಿದರೆ, ಮುಂದಿನ ಮನೆಗಳಲ್ಲೆಲ್ಲ ಗಡಿಬಿಡಿ ಶುರುವಾಗುತ್ತದೆ.

ಗಡಿಬಿಡಿ ಯಾಕೆಂದರೆ, ತಂತಿ ಹಗಲೆಲ್ಲ ಖಾಲಿಯಿರುವುದರಿಂದ ನಮ್ಮವರು ಅದನ್ನು ಸುಮ್ಮನೆ ಬಿಟ್ಟವರಲ್ಲ. ಒದ್ದೆ ಸೀರೆ, ಪಂಚೆ, ದುಪ್ಪಟಿ ಎಲ್ಲ ತಂತಿಯ ಮೇಲೆಯೇ ಒಣಗುತ್ತಿದ್ದವು. ಅವರೆಬಳ್ಳಿ ಹಬ್ಬಿಸಿದವರಿದ್ದರು. ಹೋಲ್ಡರು ಬಿಚ್ಚಿ ಒರೆಸುವವರು, ಒದ್ದೆ ಕೈಯಲ್ಲಿ ಬಲ್ಬು ತಿರುಗಿಸುವವರು, ಎರಡು ತಂತಿ ಹೊಸೆದು ಗಂಟು ಹಾಕುವವರು, ಎಲ್ಲರೂ ನನ್ನ ಗಂಟೆ ಕೇಳುವವರೆಗೆ ಆರಾಮ. ಪ್ರತಿ ಮನೆಯಲ್ಲೂ ಮೇನ್ ಸ್ವಿಚ್ ಎಂದು ಒಂದು ಕಬ್ಬಿಣದ ಪೆಟ್ಟಿಗೆ ಇತ್ತು. ಅದರ ಹಿಡಿಯನ್ನು ಕೆಳಗೆ ಎಳೆದದ್ದನ್ನು ನಾನು ಯಾರ ಮನೆಯಲ್ಲೂ ಕಂಡಿರಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ತರಕಾರಿ ಚೀಲ ನೇತು ಹಾಕುತ್ತಿದ್ದೆವು.

ಬೇರೆ ಊರಿನವರಿಗೆ ಬಲ್ಬು ಹೇಗೆ ಉರಿಯುತ್ತದೆಂದು ಪುಸ್ತಕ ನೋಡಿ ಕಲಿಯಬೇಕಂತೆ. ನಮಗೆ ಕಣ್ಣೆದುರಿಗೇ ಕಾಣುತ್ತದೆ. ಗಾಜಿನ ಬುರುಡೆಯೊಳಗೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಒಂದು ಎಳೆ ಇರುತ್ತದೆ, ಕೂದಲಿಗಿಂತ ತೆಳ್ಳಗೆ. ಬೀದಿಯ ದಪ್ಪ ತಂತಿಯಲ್ಲಿ ಕೈ ಬೀಸಿಕೊಂಡು ಬಂದ ಕರೆಂಟು ಆ ಎಳೆಯೊಳಗೆ ನುಸುಳಬೇಕು. ನುಸುಳುವಾಗ ಒದ್ದಾಡುತ್ತದೆ, ಒದ್ದಾಟಕ್ಕೆ ಎಳೆ ಕಾಯುತ್ತದೆ, ಕಾದು ಕಾದು ಬೆಳಗುತ್ತದೆ. ಮೊದಲು ಕೆಂಪಗೆ ಕಾಣುವುದಕ್ಕೆ ನಾವು ಕುಂಕುಮ ಎನ್ನುತ್ತೇವೆ. ಆಮೇಲೆ ಅರಿಶಿನ. ಕೊನೆಗೆ ಹಾಲು. ಸೊಸೆಯನ್ನು ಮನೆ ತುಂಬಿಸಿಕೊಳ್ಳುವುದು ದೀಪ ಅರಿಶಿನಕ್ಕೆ ಬಂದಾಗಲೇ. ಗಂಡ ಹೆಂಡತಿ ಜಗಳವಾಡುತ್ತಿದ್ದರೆ ಹಾಲಾಗುವಷ್ಟರಲ್ಲಿ ಮುಗಿಸಬೇಕು, ಬೆಳಕಿನಲ್ಲಿ ಮುಖ ಗಂಟಿಕ್ಕಿಕೊಂಡು ಕೂರುವಂತಿಲ್ಲ. ನಮ್ಮನೆಯಲ್ಲಿ ನಾನು ಕುಂಕುಮದಲ್ಲೇ ಗೆದ್ದು ಮುಗಿಸುತ್ತೇನೆ.

ಗೆಲ್ಲುವುದು ಸುಲಭ, ಯಾಕೆಂದರೆ ನಮ್ಮ ಯಜಮಾನರು ಗುರುಸಿದ್ದಪ್ಪನವರು ಎದುರು ಮಾತಾಡುವವರಲ್ಲ. ಅಕ್ಕಿ ಗಿರಣಿಯಲ್ಲಿ ಮೆಷಿನ್ನು ನೋಡಿಕೊಂಡಿದ್ದವರು. ಆ ಸದ್ದಿನಲ್ಲಿ ಇದ್ದೂ ಇದ್ದೂ ಕಿವಿ ಮಂದವಾಯಿತು. ಈಗ ಗಿರಣಿ ಬಿಟ್ಟು ಮನೆಯಲ್ಲೇ ಕೂತು ಊರವರ ಹೋಲ್ಡರು, ಸ್ವಿಚ್ಚು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುತ್ತಾರೆ. ಬಲ್ಬು ಮಾಡುವಾಗಲೇ ಬುರುಡೆಯೊಳಗಿನ ಗಾಳಿ ತೆಗೆದಿರುತ್ತಾರೆ, ಗಾಳಿಯಿದ್ದರೆ ಆ ಎಳೆ ಗಳಿಗೆಯಲ್ಲಿ ಸುಟ್ಟು ಹೋಗುತ್ತದೆ ಎಂದು ನನಗೆ ಹೇಳಿಕೊಟ್ಟವರು ಅವರೇ. ಹತ್ತಿರ ನಿಂತು ಮಾತಾಡಿದರೆ ಅವರಿಗೆ ಎಲ್ಲ ತಿಳಿಯುತ್ತದೆ. ಬೇಡದ ಮಾತು ಮಾತ್ರ ಕೇಳುವುದಿಲ್ಲ.

ನಮ್ಮೂರಿನ ಇನ್ನೊಂದು ಕಟ್ಟಳೆಯನ್ನೂ ಹೇಳಿಬಿಡುತ್ತೇನೆ. ಕರೆಂಟು ಕೊನೆಯ ಮನೆ ಮುಟ್ಟುವವರೆಗೆ ಯಾರೂ ಒಂದಕ್ಕಿಂತ ಹೆಚ್ಚು ದೀಪ ಹಾಕುವಂತಿಲ್ಲ. ಹಾಕಿದರೆ ಕರೆಂಟು ಒಂದೊಂದು ಬಲ್ಬಿಗೂ ಹೋಗಿ ದುಡಿದು ದುಡಿದು ಸುಸ್ತಾಗಿ, ತಡವಾಗಿ, ಕಾಲೆಳೆಯುತ್ತ ಬರುತ್ತದೆ. ನಮ್ಮ ದೀಪ ಕುಂಕುಮದಿಂದ ಮೇಲೇಳುವುದಿಲ್ಲ. ಇದಕ್ಕಾಗಿ ನಾನು ಬೀದಿಯುದ್ದಕ್ಕೂ ಬೈದುಕೊಂಡು ಬಂದವಳು. ಬೀದಿಯ ನಡುವಿನ ಮಹಡಿ ಮನೆಯ ಅಂಬುಜಾಕ್ಷಿಯಂತೂ ನನ್ನ ಕಣ್ಣು ತಪ್ಪಿಸಿ ಹಿತ್ತಲಲ್ಲಿ ಎರಡನೇ ದೀಪ ಹಾಕುವುದನ್ನು ಒಂದು ವ್ರತದ ಹಾಗೆ ಮಾಡಿಕೊಂಡಿದ್ದಳು. "ಅಂಬುಜಾ, ಹಿತ್ತಲ ದೀಪ ಆರಿಸೇ!" ಎಂದು ನಾನು ಬೀದಿಯಿಂದಲೇ ಕೂಗಬೇಕು. "ಅಯ್ಯೋ ತಾಯಕ್ಕ, ನನಗೆ ಗೊತ್ತೇ ಇಲ್ಲ, ಯಾರು ಹಾಕಿದ್ರೋ!" ಎಂದು ಅವಳು ಹೇಳಬೇಕು. ನನ್ನ ಹೆಸರು ಪುಟ್ಟತಾಯಿ. ಊರಿಗೆಲ್ಲ ತಾಯಕ್ಕ.

ಆ ವರ್ಷ ಮಳೆ ಒಳ್ಳೆಯದಾಯಿತು. ಎಷ್ಟು ಒಳ್ಳೆಯದೆಂದರೆ, ಎಲ್ಲರೂ ಮಳೆಯನ್ನು ಹೊಗಳುವುದನ್ನು ಬಿಟ್ಟು ಬೈಯತೊಡಗಿದರು. ಕೆರೆ ತುಂಬಿದಂತೆಲ್ಲ ಕರೆಂಟಿನ ನಡಿಗೆಯೂ ಚುರುಕಾಯಿತು. ನನ್ನ ಎಡ ಮೊಣಕಾಲು ಮಾತ್ರ ಅದಕ್ಕೆ ಉಲ್ಟಾ ಹೊರಟಿತ್ತು. ಮೊದಲು ನನಗೂ ಕರೆಂಟಿಗೂ ನಡುವೆ ನಾಲ್ಕಾರು ಕಂಬದ ದೂರ ಇರುತ್ತಿತ್ತು. ಅದು ಕಡಿಮೆಯಾಗುತ್ತ ಆಗುತ್ತ, ಬೆನ್ನ ಹಿಂದಿನ ಕಂಬದ ಬೆಳಕಿಗೆ ನನ್ನ ನೆರಳು ನನಗಿಂತ ಮುಂದೆ ಹೋಗುವಷ್ಟಾಯಿತು. ನಾನು ಯಾರಿಗೂ ಹೇಳಲಿಲ್ಲ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೆ. ಗಂಟೆ ಬೇರೆಯವರ ಕೈಗೆ ಹೋದೀತೆಂಬ ಸಂಕಟ ನಮ್ಮತ್ತೆಗೆ ಯಾಕಾಗಿತ್ತೆಂದು ಆಗ ನನಗೆ ತಿಳಿಯಿತು.

ಒಂದು ದಿನ ಮಧ್ಯಾಹ್ನ ಮಳೆ ನಿಂತ ಮೇಲೆ ನೋಡಿದರೆ, ನಮ್ಮ ನಡುಮನೆಯ ಹೋಲ್ಡರಿಗೆ ಸೂರಿನ ನೀರು ಇಳಿದಿತ್ತು. ಯಜಮಾನರು ಹೊಸ ಹೋಲ್ಡರು ತೆಗೆದಿಟ್ಟುಕೊಂಡರು.

"ಹಳೇದು ಕಿತ್ತು ಹೊಸದು ಹಾಕ್ತೀನಿ. ನೀನು ಬರೋ ಹೊತ್ತಿಗೆ ಮುಗಿದಿರುತ್ತೆ," ಎಂದರು.

"ನಾಳೆ ಮಾಡಿದ್ರಾಗಲ್ವಾ? ಹೊತ್ತಾಗ್ತಾ ಬಂತು."

"ನಾಳೆ ಅಂದ್ರೆ ಇವತ್ತು ದೀಪ ಇಲ್ದೆ ಉಣ್ಣೋದಾ? ನೀನು ಬಂದ ಕೂಡ್ಲೆ ಕೈ ತೆಗೀತೀನಿ, ಹೋಗು."

ದಿನವೂ ಹೀಗೇ ಹೇಳುವವರು. ನಾನು ಗಂಟೆ ತೆಗೆದುಕೊಂಡು ಹೊರಟೆ.

ಪವರ್‌ಹೌಸಿನ ಹತ್ತಿರ ಕಾಳಸ್ವಾಮಿ ತೂಬಿನ ಮೇಲೆ ಕೈಯಿಟ್ಟುಕೊಂಡು ಯೋಚನೆ ಮಾಡುತ್ತ ನಿಂತಿದ್ದ. "ತಾಯಕ್ಕ, ಕೆರೆ ಕೋಡಿ ಬಿದ್ದದೆ. ನೀರಿನ ರಭಸ ನೋಡಿದ್ರೆ ತೂಬು ಎತ್ತೋಕೇ ಭಯ ಆಯ್ತದೆ," ಎಂದ.

"ಎಳೆನೀರು ಕೆತ್ತಿದ ಹಾಗೆ ಒಂಚೂರು ಎತ್ತಪ್ಪ. ಊರೆಲ್ಲ ಕತ್ತಲೆಯಲ್ಲಿ ಕೂತಿರೋದಾ?" ಎಂದೆ.

ಅವನು ಒಂಚೂರೇ ಎತ್ತಿದ. ಆದರೆ ನೀರು ತೂಬಿನ ಹಲಗೆಯನ್ನು ಅವನ ಕೈಯಿಂದ ಕಿತ್ತುಕೊಂಡು ಮೇಲಕ್ಕೆ ಒಗೆಯಿತು. ಚಕ್ರ ಗಿರ್ರನೆ ತಿರುಗಿತು. ಮೊದಲ ಕಂಬದ ದೀಪಕ್ಕೆ ಕುಂಕುಮವೂ ಇಲ್ಲ, ಅರಿಶಿನವೂ ಇಲ್ಲ, ಒಂದೇ ಸಲಕ್ಕೆ ಹಾಲು. ಅಂಥದ್ದನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಕಾಳಸ್ವಾಮಿ ಹಲಗೆಗೆ ಜೋತುಬಿದ್ದು, "ಇಳೀತಾ ಇಲ್ಲ ಅಕ್ಕ, ಸಿಕ್ಕಾಕ್ಕೊಂಡದೆ! ಓಡು! ನಿಲ್ಬೇಡ, ಓಡು!" ಎಂದು ಕಿರುಚಿದ.

ನಾನು ಓಡಿದೆ. ನನ್ನ ವಯಸ್ಸಿನವಳು, ನನ್ನ ಗಾತ್ರದವಳು ಓಡುವುದನ್ನು ನೋಡಿ ಬೀದಿಯ ಜನ ನಗುತ್ತಿದ್ದರೇನೋ. ಆದರೆ ಗಂಟೆಯ ಜೊತೆಗೇ ಬೆಳಕು ಬರುವುದನ್ನು ಕಂಡು ನಗು ಗಂಟಲಲ್ಲೇ ನಿಂತಿತು. ಸೀರೆ ಎಳೆದರು, ಪಂಚೆ ಎಳೆದರು, ಬಳ್ಳಿ ಹರಿದರು. "ಕೈ ತೆಗೀರಿ! ಕೈ ತೆಗೀರಿ!" ಎಂದು ಈ ಮನೆಯವರು ಆ ಮನೆಯವರಿಗೆ ಕೂಗಿದರು, ಆ ಮನೆಯವರು ಮುಂದಿನವರಿಗೆ. ಕೂಗು ನನಗಿಂತ ಮುಂದೆ ಓಡಿತು. ಒಂದು ಕ್ಷಣ ಉಸಿರು ಬಂದಂತಾಯಿತು. ಮರುಕ್ಷಣವೇ ಯಜಮಾನರು ನೆನಪಾದರು. ಬೀದಿಯ ಮನೆಗಳೆಲ್ಲ ಮುಗಿದ ಮೇಲೆ ಹುಣಸೆಮರದವರೆಗೆ ಬಯಲು, ಅದನ್ನು ದಾಟಿದ ಮೇಲೆ ನಮ್ಮ ಮನೆ. ಬಯಲಿನಾಚೆಗೆ ಕೂಗಿದರೆ ಆ ಮಂದ ಕಿವಿಗೆ ಎಲ್ಲಿ ಕೇಳೀತು? ಅಲ್ಲಿ ಅವರು ಎರಡು ಬರಿ ತಂತಿ ಎರಡು ಕೈಯಲ್ಲಿ ಹಿಡಿದು, ನಾನು ಬರುವ ತನಕ ಹೊತ್ತಿದೆ ಎಂದು ನಿಂತಿದ್ದಾರೆ.

ಸೋಡಾ ಅಂಗಡಿಯ ಮುನೀರ ಎದುರಿಗೆ ಸಿಕ್ಕಿದ. "ಸೈಕಲ್ ತಗೋ ಮುನೀರ, ನಮ್ಮನೆಗೆ ಓಡು, ಅವರು ತಂತಿ ಹಿಡ್ಕೊಂಡವ್ರೆ!" ಎಂದು ಗಂಟೆಯನ್ನು ಅವನ ಕೈಗೆ ತುರುಕಿದೆ. ಮುನೀರ ಒಂದು ಮಾತೂ ಕೇಳದೆ ಸೈಕಲ್ ಹತ್ತಿದ. ಹತ್ತಿದವನು ಚರಂಡಿ ದಾಟುವಷ್ಟರಲ್ಲಿ ಕೆಸರಿನಲ್ಲಿ ಜಾರಿ ಸೈಕಲ್ ಸಮೇತ ಮಲಗಿದ. ಅವನು ಏಳುವುದನ್ನು ಕಾಯದೆ ನಾನು ಮುಂದಕ್ಕೆ ಹೋದೆ. ಹಿಂದೆ ತಿರುಗಿ ನೋಡಿದರೆ ಕರೆಂಟು ಅಂಬುಜಾಕ್ಷಿಯ ಮನೆಗಿಂತ ಎರಡು ಕಂಬ ಹಿಂದಿದೆ. ನಾನು ಸರಿಯಾಗಿ ಆ ಮನೆಯ ಮುಂದಿದ್ದೇನೆ. ಮೊಣಕಾಲು ಇನ್ನು ಆಗುವುದಿಲ್ಲ ಎನ್ನುತ್ತಿದೆ.

ಅಂಬುಜಾಕ್ಷಿ ಮಹಡಿಯ ಮೇಲೆ ಬಟ್ಟೆ ಬಾಚಿಕೊಳ್ಳುತ್ತಿದ್ದಳು. ಅವಳ ಮುಖ ಕಂಡ ಕೂಡಲೇ ನನಗೆ ಅವಳ ಹಿತ್ತಲ ದೀಪ ನೆನಪಾಯಿತು. ಒಂದು ಕಳ್ಳ ದೀಪಕ್ಕೇ ಕರೆಂಟು ತಡವಾಗುವುದಾದರೆ?

"ಅಂಬುಜಾ! ದೀಪ ಹಾಕೇ! ಹಿತ್ತಲದು ಹಾಕು, ಇರೋದೆಲ್ಲ ಹಾಕು!"

ಅವಳು ಬಟ್ಟೆಯ ರಾಶಿ ಎದೆಗವಚಿಕೊಂಡು ಬೆಪ್ಪಾಗಿ ನೋಡಿದಳು. "ನಾನು ಎರಡನೇ ದೀಪ ಹಾಕೋದೇ ಇಲ್ಲ ತಾಯಕ್ಕ, ದೇವ್ರಾಣೆ!"

"ಎಲ್ಲಾ ಗೊತ್ತು ನಂಗೆ! ಹಾಕು ಅಂತಿದೀನಿ ಕಣೇ! ನಮ್ಮ ಯಜಮಾನ್ರು ತಂತಿ ಹಿಡ್ಕೊಂಡು ನಿಂತವ್ರೆ, ಇದನ್ನ ಒಂಚೂರು ತಡೀಬೇಕು!"

ಬಟ್ಟೆ ಮಹಡಿಯ ಮೇಲೆ ಬಿತ್ತು. ಅವಳು ಮೆಟ್ಟಿಲಿಳಿದ ಸದ್ದು ಬೀದಿಗೇ ಕೇಳಿಸಿತು. ಆ ಮನೆಯಲ್ಲಿ ಎಷ್ಟು ದೀಪಗಳಿದ್ದವೆಂದು ಆವತ್ತು ಊರಿಗೆ ಗೊತ್ತಾಯಿತು. ಹಿತ್ತಲಲ್ಲಿ, ಅಟ್ಟದಲ್ಲಿ, ದನದ ಕೊಟ್ಟಿಗೆಯಲ್ಲಿ, ಬಚ್ಚಲಲ್ಲಿ, ದೇವರ ಕೋಣೆಯಲ್ಲಿ ಸಾಲಾಗಿ. ಕರೆಂಟು ಆ ಮನೆಯ ಕಂಬಕ್ಕೆ ಬಂದದ್ದು ಒಳಗೆ ಹೊಕ್ಕಿತು. ಒಂದೊಂದೇ ಬಲ್ಬಿಗೆ ಹೋಗಿ ಆ ತೆಳ್ಳನೆಯ ಎಳೆಗಳಲ್ಲಿ ಒದ್ದಾಡಿ, ಅಲ್ಲಲ್ಲೇ ಬೆಳಕಾಗಿ ಕೂತಿತು. ಮುಂದಿನ ಕಂಬದ ದೀಪ ಕುಂಕುಮಕ್ಕೆ ಬಂದು ಅಲ್ಲೇ ತಡವರಿಸಿತು.

ಅಂಬುಜಾಕ್ಷಿ ಕಿಟಕಿಯಿಂದ ಪಕ್ಕದ ಮನೆಗೆ ಕೂಗಿದಳು. "ದೀಪ ಹಾಕ್ರೀ, ಎಲ್ಲಾ ಹಾಕ್ರೀ! ಗುರುಸಿದ್ದಪ್ಪನೋರು ತಂತಿ ಹಿಡ್ಕೊಂಡವ್ರಂತೆ!" ಊರಲ್ಲಿ ಗುರುಸಿದ್ದಪ್ಪನವರ ಕೈಯಲ್ಲಿ ರಿಪೇರಿಯಾಗದ ಹೋಲ್ಡರು ಇರಲಿಲ್ಲ. ಮನೆಮನೆಯಲ್ಲೂ ಟಕ್ ಟಕ್ ಟಕ್ ಎಂದು ಸ್ವಿಚ್ಚು ಬಿದ್ದವು. ಹಬ್ಬಕ್ಕೆಂದು ಎತ್ತಿಟ್ಟಿದ್ದ ಬಲ್ಬು ತಂದರು. ಇಸ್ತ್ರಿಪೆಟ್ಟಿಗೆ ಹಚ್ಚಿದರು, ನೀರು ಕಾಯಿಸುವ ಕರೆಂಟಿನ ಒಲೆ ಹಚ್ಚಿದರು. ಮುನೀರ ಕೆಸರಿನಿಂದ ಎದ್ದು ಬಂದು ಅಂಗಡಿಯ ಬಣ್ಣದ ಸರಗಳನ್ನೆಲ್ಲ ಹಾಕಿದ. ಜೀವಮಾನವೆಲ್ಲ ದೀಪ ಆರಿಸಿ ಎಂದು ಬೈದವಳು ದೀಪ ಹಾಕಿ ಎಂದು ಅಂಗಲಾಚುತ್ತ ಕುಂಟಿಕೊಂಡು ಹೋಗುತ್ತಿದ್ದೆ. ನನ್ನ ಮಾತನ್ನು ಅಷ್ಟು ಬೇಗ, ಅಷ್ಟು ಖುಷಿಯಿಂದ ಈ ಊರು ಯಾವತ್ತೂ ಕೇಳಿದ್ದಿಲ್ಲ.

ಬಯಲಿನಲ್ಲಿ ನನಗೆ ಸಹಾಯಕ್ಕೆ ಮನೆಗಳಿರಲಿಲ್ಲ. ಕಂಬಗಳು ಮಾತ್ರ. ಹಿಂದೆ ತಿರುಗಿ ನೋಡಿದೆ. ಕರೆಂಟು ಬರುತ್ತಲೇ ಇತ್ತು, ಆದರೆ ಮದುವೆ ಊಟ ಮಾಡಿ ಹೊರಟವರ ಹಾಗೆ ನಿಧಾನ. ಕಂಬದ ದೀಪ ಮಂಕಾಗಿ ಕೆಂಪಗಿತ್ತು. ಮಂಕಾದರೂ ಕರೆಂಟು ಕರೆಂಟೇ, ಕೆಂಪಗಿದೆ ಎಂದು ಕೈ ಕೊಟ್ಟರೆ ಬಿಡುವುದಿಲ್ಲ. ಅದರ ಕಾಲೂ ಸೋತಿತ್ತು, ನನ್ನ ಕಾಲೂ ಸೋತಿತ್ತು. ಇಬ್ಬರೂ ಹುಣಸೆಮರದವರೆಗೆ ಹೀಗೇ ಬಂದೆವು. ಅಲ್ಲಿ ತಿರುಗಿದೆ. ನಮ್ಮ ಕಿಟಕಿ ಕಂಡಿತು.

ಅವರು ಸ್ಟೂಲಿನ ಮೇಲೆ ಬರಿಗಾಲಲ್ಲಿ ನಿಂತಿದ್ದರು. ನೆಲವೆಲ್ಲ ಸೋರಿದ ನೀರು. ಹೋಲ್ಡರು ಜೇಬಿನಲ್ಲಿ, ತಂತಿಯ ಎರಡು ತುದಿ ಎರಡು ಕೈಯಲ್ಲಿ. ನನಗೆ ಕೂಗಲು ಉಸಿರಿರಲಿಲ್ಲ. ಅವರು ನನ್ನನ್ನು ನೋಡಿದರು, ನಕ್ಕರು, ತಂತಿ ಬಿಟ್ಟು ಕೆಳಗಿಳಿದರು. ನಾನು ಹೊಸ್ತಿಲಿಗೆ ಬರುವುದಕ್ಕೂ ಮನೆಮುಂದಿನ ಕಂಬ ಕೆಂಪಾಗುವುದಕ್ಕೂ, ಆ ಎರಡು ತುದಿಗಳ ನಡುವೆ ಚಟ್ಟೆಂದು ಒಂದು ಕಿಡಿ ಹಾರುವುದಕ್ಕೂ ಸರಿಹೋಯಿತು.

"ಏನಿವತ್ತು ಇಷ್ಟು ಬೇಗ? ಗಂಟೆ ಎಲ್ಲಿ?" ಎಂದರು.

ನಾನು ನನ್ನ ಖಾಲಿ ಕೈ ನೋಡಿಕೊಂಡೆ. ಗಂಟೆ ಮುನೀರನ ಹತ್ತಿರ ಉಳಿದಿತ್ತು. "ಗಂಟೆ ಇಲ್ದೆ ಮತ್ತೆ ಕೈ ಯಾಕೆ ತೆಗೆದ್ರಿ?" ಎಂದೆ.

"ನೀನು ಬಂದ್ಯಲ್ಲ."

"ಗಂಟೆ ಕೇಳಿ ಅಲ್ವಾ ನೀವು ದಿನಾ ಕೈ ತೆಗೆಯೋದು?"

ಅವರು ಸಿಕ್ಕಿಬಿದ್ದವರ ಹಾಗೆ ಜೇಬಿನ ಹೋಲ್ಡರು ತಡವಿಕೊಂಡರು. "ಗಂಟೆ ಕೇಳ್ಸೋದು ಯಾವತ್ತೋ ನಿಂತೋಯ್ತು ಪುಟ್ಟತಾಯಿ. ಹತ್ರ ಆಡಿದ ಮಾತು ಕೇಳುತ್ತೆ, ಗಂಟೆ ಕೇಳಲ್ಲ. ನೀನು ಅಷ್ಟು ಜೋರಾಗಿ ಬಾರಿಸ್ಕೊಂಡು ಬರ್ತೀಯ, ಹೇಳೋಕೆ ಮನಸ್ಸಾಗ್ಲಿಲ್ಲ. ಕಿಟಕಿ ಕಡೆ ನೋಡ್ತಿರ್ತೀನಿ. ನೀನು ಹುಣಸೆಮರದ ಹತ್ರ ತಿರುಗಿದ್ರೆ ಕೈ ತೆಗೀತೀನಿ."

ನಾನು ಹೊಸ್ತಿಲ ಮೇಲೆ ಕುಸಿದು ಕೂತೆ. ಮೊದಲು ಅತ್ತುಬಿಟ್ಟೆ. ಆಮೇಲೆ ಬೈದೆ. ಒದ್ದೆ ನೆಲಕ್ಕೆ, ಬರಿಗಾಲಿಗೆ, ತರಕಾರಿ ಚೀಲ ಹೊತ್ತ ಮೇನ್ ಸ್ವಿಚ್ಚಿಗೆ, ಅವರ ಕಿವಿಗೆ, ಎಲ್ಲಕ್ಕೂ ಬೈದೆ. ಅವರು ಹತ್ತಿರ ಕೂತು ಎಲ್ಲವನ್ನೂ ಕೇಳಿಸಿಕೊಂಡರು. ಎದುರಿಗೆ ಬಯಲಿನಾಚೆ ನಮ್ಮೂರು ಈ ತುದಿಯಿಂದ ಆ ತುದಿಯವರೆಗೆ ಎಲ್ಲ ದೀಪ ಹಾಕಿಕೊಂಡು ಕೂತಿತ್ತು. ಎಲ್ಲವೂ ಅರಿಶಿನಕ್ಕಿಂತ ಮೇಲೇರದೆ, ಮೆಲ್ಲಗೆ ಉರಿಯುತ್ತಿದ್ದವು. ನಮ್ಮೂರು ಅಷ್ಟು ಚೆಂದವಿದೆಯೆಂದು ನನಗೆ ಗೊತ್ತಿರಲಿಲ್ಲ. ಆ ರಾತ್ರಿ ನಮ್ಮನೆಯಲ್ಲಿ ಮಾತ್ರ ದೀಪವಿಲ್ಲ. ಚಿಮಣಿ ಹಚ್ಚಿಕೊಂಡು ಉಂಡೆವು, ತುಂಬ ರುಚಿಯಾಗಿತ್ತು.

ಮಾರನೆಯ ದಿನದಿಂದ ನಾನು ಮನೆಮನೆಗೂ ಹೋಗಿ ಹೊಸ ಕಟ್ಟಳೆ ಹೇಳಿದೆ. ಗಂಟೆ ಕೇಳಲಿ ಬಿಡಲಿ, ಹಗಲಿರಲಿ ಇರುಳಿರಲಿ, ತಂತಿ ಮುಟ್ಟುವ ಮೊದಲು ಮೇನ್ ಸ್ವಿಚ್ ಕೆಳಗೆ ಎಳೆಯಬೇಕು, ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಒಣಗಿದ ಸ್ಟೂಲಿನ ಮೇಲೆ ನಿಲ್ಲಬೇಕು. ಬಲ್ಬು ಆರಿ ತಣ್ಣಗಾಗುವ ತನಕ ಅದಕ್ಕೂ ಕೈ ಹಾಕುವಂತಿಲ್ಲ. ಬಟ್ಟೆಗೆ ಹಗ್ಗ ಕಟ್ಟಿಕೊಳ್ಳಿ ಎಂದೆ. ಅಂಬುಜಾಕ್ಷಿ ಒಬ್ಬಳೇ ಗೊಣಗಿದಳು, ತಂತಿಯ ಮೇಲೆ ಒಣಗಿದ ಸೀರೆಯ ಗರಿ ಹಗ್ಗದ ಮೇಲೆ ಬರುವುದಿಲ್ಲವಂತೆ. ಆದರೂ ಕಟ್ಟಿದಳು. ಅವಳ ಹಿತ್ತಲ ದೀಪದ ವಿಷಯ ನಾನು ಮತ್ತೆ ಎತ್ತಿಲ್ಲ. ಕಾಳಸ್ವಾಮಿ ತೂಬಿಗೆ ಸರಪಳಿ ಹಾಕಿಸಿದ್ದಾನೆ.

ಗಂಟೆ ಈಗಲೂ ನನ್ನ ಕೈಯಲ್ಲೇ ಇದೆ. ಮುನೀರ ಅದನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ತಂದುಕೊಟ್ಟ. ಮನೆಮನೆಯಲ್ಲೂ ಮೇನ್ ಸ್ವಿಚ್ ಕೆಳಗಿಳಿಯುವುದು ರೂಢಿಯಾದ ಮೇಲೆ, ನಾನು ಕರೆಂಟಿನ ಮುಂದೆಯೇ ಇರಬೇಕೆಂಬ ಹಟ ಊರಿಗೂ ಇಲ್ಲ, ನನಗೂ ಇಲ್ಲ. ಅದು ಎಷ್ಟೋ ದಿನ ನನ್ನನ್ನು ದಾಟಿ ಹೋಗುತ್ತದೆ. ಹೋಗಲಿ, ಅದಕ್ಕೆ ಮೊಣಕಾಲು ನೋವಿಲ್ಲ. ನಾನು ಬೆಳಕಿನ ಹಿಂದೆ ಹಿಂದೆ ಕೂಗಿಕೊಂಡು ಬರುತ್ತೇನೆ. ಹುಣಸೆಮರದ ಹತ್ತಿರ ತಿರುಗಿದ ಕೂಡಲೇ ಮಾತ್ರ ಕಾಲು ತಾನಾಗಿಯೇ ಬಿರುಸಾಗುತ್ತದೆ. ನಮ್ಮ ಮನೆಯಲ್ಲಿ ಆಗಲೇ ದೀಪ ಹಾಲಾಗಿರುತ್ತದೆ. ಅದರ ಕೆಳಗೆ, ಕಿಟಕಿಯ ಹತ್ತಿರ, ಅವರು ಎರಡೂ ಕೈ ಮೇಲೆತ್ತಿ, ಹತ್ತೂ ಬೆರಳು ಬಿಡಿಸಿ, ನನಗೆ ಕಾಣುವ ಹಾಗೆ ನಿಂತಿರುತ್ತಾರೆ. ಅದನ್ನು ನೋಡಿ ನಾನು ಗಂಟೆ ನಿಲ್ಲಿಸಿ, ಉಳಿದ ದಾರಿಯನ್ನು ನಿಧಾನವಾಗಿ ನಡೆಯುತ್ತೇನೆ.